ದಿನಕ್ಕೆ ಐದು ಸಲ ಕಾಫಿ-ಟೀ, ಸಕ್ಕರೆ ಬದಲು ಬೆಲ್ಲ, ಬೋರ್‌ವೆಲ್ ನೀರು: ಹಲ್ಲು ಉಳಿಸೋಕೆ ಮೊದಲು ಯಾವುದನ್ನ ಸರಿ ಮಾಡ್ಬೇಕು?

ರಾಗಿಹೊಲ_ಕೋಲಾರ:

ಎಲ್ಲರಿಗೂ ನಮಸ್ಕಾರ. ಹುಳುಕು ತುಂಬಿಸೋದು, ಕ್ಲೀನಿಂಗ್ ಎಲ್ಲಾ ಡಾಕ್ಟರ ಹತ್ರ ಮುಗಿದಿದೆ. ಇನ್ನು ಮುಂದೆ ಮನೆಯಲ್ಲಿ ತಿನ್ನೋದು-ಕುಡಿಯೋದು ಹೇಗಿರಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ. ಈಗ ಹೀಗಿದೆ:

ನಾವಿಬ್ಬರು: ಬೆಳಗ್ಗೆ 6ಕ್ಕೆ ಕಾಫಿ, 8:30ಕ್ಕೆ ತಿಂಡಿ, ತಿಂಡಿ ಆಗಿ ಅರ್ಧ ಗಂಟೆ ಬಿಟ್ಟು ಇನ್ನೊಂದು ಕಾಫಿ, 11ಕ್ಕೆ ಟೀ ಜೊತೆ ಎರಡು ಬಿಸ್ಕತ್ತು, 4ಕ್ಕೆ ಕಾಫಿ-ರಸ್ಕು, ಸಂಜೆ ಟೀ. ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಇತ್ತು, ಈಗ ಅಷ್ಟೇ ಬೆಲ್ಲದ ಪುಡಿ.

ಅಮ್ಮ (62, ಶುಗರ್ ಇದೆ): ಎದ್ದ ಕೂಡಲೇ ಬಿಸಿನೀರಿಗೆ ನಿಂಬೆಹಣ್ಣು, ಜೇನು. ಕುಡಿದು ಹಲ್ಲುಜ್ಜುತ್ತಾರೆ. ಗಂಟಲು ಕೆರೆತಕ್ಕೆ ಕಲ್ಲುಸಕ್ಕರೆ ಬಾಯಲ್ಲಿರುತ್ತೆ.

ಅಪ್ಪ: ಎರಡು ಹೊತ್ತಿನ ಊಟದ ಮೇಲೂ ಎಲೆ-ಅಡಿಕೆ-ಸುಣ್ಣ. ಹೊಗೆಸೊಪ್ಪು ಇಲ್ಲ.

ಮಗ (4 ವರ್ಷ): ಮಲಗುವಾಗ ಬಾಟಲಿಯಲ್ಲಿ ಸಕ್ಕರೆ ಹಾಲು. ಅನ್ನ ಕೊಟ್ಟರೆ ನುಂಗದೆ ಕೆನ್ನೆಯಲ್ಲೇ ಇಟ್ಕೊಂಡು ಕೂತಿರ್ತಾನೆ.

ನೀರು ಬೋರ್‌ವೆಲ್‌ದು. ಕುದಿಸಿ ಆರಿಸಿ ಕುಡೀತೀವಿ. ನಮ್ಮ ಬೀದಿಯ ದೊಡ್ಡ ಮಕ್ಕಳಿಗೆ ಮುಂದಿನ ಹಲ್ಲಲ್ಲಿ ಕಂದು ಕಲೆ ಇದೆ.

ಎಲ್ಲಾನೂ ಒಂದೇ ಸಲ ಬದಲಾಯಿಸೋಕೆ ಆಗಲ್ಲ. ಯಾವುದು ಮೊದಲು, ಯಾವುದು ಆಮೇಲೆ? ಕಾರಣ ಸಮೇತ ಹೇಳಿದರೆ ಮನೆಯವರನ್ನ ಒಪ್ಪಿಸೋದು ಸುಲಭ.

ದಂತಚಿಕಿತ್ಸೆ_ಮೈಸೂರು:

ಬೆಲ್ಲದಿಂದ ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ನೀವು ಪರಿಹಾರ ಅಂದುಕೊಂಡಿದ್ದೀರಿ. ಬೆಲ್ಲದ ಬಹುಪಾಲು ಸುಕ್ರೋಸೇ, ಅಂದ್ರೆ ಸಕ್ಕರೆಯಲ್ಲಿರೋದೇ. ಹಲ್ಲಿನ ಮೇಲೆ ಕೂತಿರೋ ಬ್ಯಾಕ್ಟೀರಿಯಾ ಎರಡನ್ನೂ ಒಂದೇ ಥರ ಆಮ್ಲ ಮಾಡುತ್ತೆ. ಜೇನುತುಪ್ಪವೂ ಅಷ್ಟೇ. ಒಗ್ಗರಣೆಗೆ, ಸಾರಿಗೆ ಚೂರು ಬೆಲ್ಲ ಹಾಕೋದು ಬೇರೆ ಮಾತು. ಕಾಫಿಗೆ ಎರಡು ಚಮಚ ಬೆಲ್ಲ ಅಂದ್ರೆ ಹಲ್ಲಿನ ಪಾಲಿಗೆ ಎರಡು ಚಮಚ ಸಕ್ಕರೆ.

ಈಗ ಮುಖ್ಯ ವಿಷಯ. ನೀವು ಬರೆದಿರೋದರಲ್ಲಿ ಹೆಚ್ಚು ಪೆಟ್ಟು ಕೊಡ್ತಿರೋದು ಸಿಹಿಯ ಪ್ರಮಾಣಕ್ಕಿಂತ ಹೊತ್ತು ಹೊತ್ತಿಗೆ ಬಾಯಾಡಿಸೋ ಅಭ್ಯಾಸ. ಸಿಹಿ ಬಾಯಿಗೆ ಬಿದ್ದ ಐದು-ಹತ್ತು ನಿಮಿಷದಲ್ಲಿ ಹಲ್ಲಿನ ಪಾಚಿಯೊಳಗೆ (ಆ ಬ್ಯಾಕ್ಟೀರಿಯಾದ ಪದರ) ಪಿಎಚ್ (ಆಮ್ಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 7ರ ಆಸುಪಾಸಿನಿಂದ 5.5ಕ್ಕಿಂತ ಕೆಳಗಿಳಿಯುತ್ತೆ. ಆ ಗೆರೆ ದಾಟಿದ ಮೇಲೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರೋಕೆ ಶುರು. ಆಮೇಲೆ ಜೊಲ್ಲು ಆಮ್ಲವನ್ನ ತೊಳೆದು, ಅದೇ ಖನಿಜವನ್ನ ವಾಪಸ್ ತುಂಬಿಸುತ್ತೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇದು ಪ್ರತಿದಿನ ನಡೆಯೋ ಕೊಡು-ಕೊಳ್ಳು. ಕಳೆದಷ್ಟು ವಾಪಸ್ ಬಂದರೆ ಹಲ್ಲು ಕೆಡಲ್ಲ. ನಿಮ್ಮ ದಿನಚರಿಯಲ್ಲಿ ಕಾಫಿ-ಟೀ ಐದು, ತಿಂಡಿ, ಎರಡು ಊಟ ಸೇರಿ ಎಂಟು ಸಲ ಪಿಎಚ್ ಬೀಳುತ್ತೆ. ತಿಂಡಿ 8:30ಕ್ಕೆ, ಕಾಫಿ 9ಕ್ಕೆ, ಟೀ 11ಕ್ಕೆ ಅಂದ್ರೆ ಆ ಎರಡೂವರೆ ಗಂಟೆಯಲ್ಲಿ ಜೊಲ್ಲಿಗೆ ಬಿಡುವು ಸಿಗೋದು ಒಂದು ಗಂಟೆ ಇದ್ದೀತು.

ಸ್ವೀಡನ್‌ನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದ್ದರು. ಊಟದ ಜೊತೆ ಸಿಹಿ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ, ಊಟಗಳ ನಡುವೆ ಅಂಟು ಟಾಫಿ ತಿಂದವರಲ್ಲಿ ವಿಪರೀತ ಹೆಚ್ಚಿತು. ಬುದ್ಧಿಮಾಂದ್ಯ ರೋಗಿಗಳ ಮೇಲೆ, ಅವರ ಒಪ್ಪಿಗೆಯಿಲ್ಲದೆ ಮಾಡಿದ್ದ ಪ್ರಯೋಗ ಅದು. ಇವತ್ತು ಯಾರೂ ಅದನ್ನ ಒಪ್ಪಲ್ಲ, ಒಪ್ಪಲೂಬಾರದು. ಆದರೆ ಅಲ್ಲಿ ಕಂಡದ್ದು ನಮ್ಮ ಚಿಕಿತ್ಸಾ ಸಲಹೆಗಳ ಬುಡದಲ್ಲಿದೆ.

ಹಾಗಾಗಿ ನೀವಿಬ್ಬರು ಮಾಡಬೇಕಾದ ಮೊದಲ ಕೆಲಸ ಕಾಫಿ ಬಿಡೋದಲ್ಲ, ಕಾಫಿಯನ್ನ ತಿಂಡಿಯ ತಟ್ಟೆ ಪಕ್ಕಕ್ಕೆ ತರೋದು. 9ರ ಕಾಫಿ ದೋಸೆ ಜೊತೆಗೇ ಮುಗಿಯಲಿ. 11ರ ಟೀ ಜಾಗಕ್ಕೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ನೀರು. ಮಜ್ಜಿಗೆ ಹುಳಿ ಇದ್ದರೂ ಅದರಲ್ಲಿರೋ ಕ್ಯಾಲ್ಸಿಯಂ, ಫಾಸ್ಫೇಟ್‌ನಿಂದ ಎನಾಮೆಲ್ ಕರಗಲ್ಲ. 4ರದ್ದು, ಸಂಜೆಯದ್ದು ಎರಡನ್ನೂ ಸೇರಿಸಿ ಒಂದೇ ಮಾಡಿ. ಬೆಳಗಿನ 6ರದ್ದು ಬಿಡೋಕೆ ಆಗದಿದ್ದರೆ ಇರಲಿ, ಅದಕ್ಕೆ ಸಕ್ಕರೆ ಬೇಡ. ದಿನಕ್ಕೆ ಸಿಹಿ ಬಾಯಿಗೆ ಹೋಗೋದು ಊಟ-ತಿಂಡಿ ಸೇರಿ ನಾಲ್ಕು ಸಲ ಮೀರದಂತೆ ನೋಡ್ಕೊಳ್ಳಿ. ಎಷ್ಟು ಹೊತ್ತು ಕುಡೀತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಹತ್ತು ನಿಮಿಷದಲ್ಲಿ ಮುಗಿಸಿದ ಕಾಫಿ ಒಂದು ಪೆಟ್ಟು. ಅದೇ ಕಾಫಿಯನ್ನ ಫ್ಲಾಸ್ಕಲ್ಲಿಟ್ಟು ಒಂದೂವರೆ ಗಂಟೆ ಗುಟುಕರಿಸಿದರೆ ಅಷ್ಟೂ ಹೊತ್ತು ಪಿಎಚ್ ಮೇಲೇಳಲ್ಲ.

ಪ್ರಮಾಣದ ಲೆಕ್ಕವೂ ಹೇಳಿಬಿಡ್ತೀನಿ. ಮಟ್ಟಸವಾದ ಚಿಕ್ಕ ಚಮಚಕ್ಕೆ ಸುಮಾರು 4 ಗ್ರಾಂ. ಐದು ಲೋಟಕ್ಕೆ ಎರಡೆರಡು ಚಮಚ ಅಂದ್ರೆ 40 ಗ್ರಾಂ, ಬಿಸ್ಕತ್ತು-ರಸ್ಕಿನದ್ದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನದ ಒಟ್ಟು ಕ್ಯಾಲೊರಿಯ 10%ಕ್ಕಿಂತ ಕಡಿಮೆ. 2000 ಕ್ಯಾಲೊರಿ ತಿನ್ನೋರಿಗೆ ಅದು 50 ಗ್ರಾಂ, 5%ಕ್ಕೆ ಇಳಿಸಿ 25 ಗ್ರಾಂ ಮಾಡಿದರೆ ಇನ್ನೂ ಒಳ್ಳೇದು. ಜೇನು, ಹಣ್ಣಿನ ಜ್ಯೂಸ್‌ನ ಸಿಹಿಯೂ ಇದರಲ್ಲೇ ಸೇರುತ್ತೆ, ಬೆಲ್ಲಕ್ಕೂ ರಿಯಾಯಿತಿ ಇಲ್ಲ.

ಒಂದೇ ದಿನ ಸಕ್ಕರೆ ನಿಲ್ಲಿಸಿದರೆ ನಾಲ್ಕನೇ ದಿನಕ್ಕೆ ವಾಪಸ್ ಬರುತ್ತೆ. ವಾರಕ್ಕೆ ಕಾಲು ಚಮಚದ ಹಾಗೆ ಇಳಿಸಿ. ಡಿಕಾಕ್ಷನ್ ಗಟ್ಟಿ ಇದ್ದಷ್ಟೂ ಕಹಿ ಮುಚ್ಚೋಕೆ ಸಕ್ಕರೆ ಹೆಚ್ಚು ಬೇಕಾಗುತ್ತೆ. ಎರಡನೇ ಡಿಕಾಕ್ಷನ್ ಬೆರೆಸಿ ತೆಳು ಮಾಡಿ, ಹಾಲು ಸ್ವಲ್ಪ ಹೆಚ್ಚಿಸಿದರೆ ಹಾಲಿನ ಸಿಹಿಯೇ ಅರ್ಧ ಕೆಲಸ ಮಾಡುತ್ತೆ.

ಅಂತರ್ಜಲ_ಲ್ಯಾಬ್:

ನೀರಿನ ವಿಷಯ ನಾನು ಹೇಳ್ತೀನಿ, ಇದನ್ನ ಕಾಫಿಗಿಂತ ಮೊದಲಿಗೆ ಹಾಕಿಕೊಳ್ಳಿ. ಮನೆಯಲ್ಲಿ 4 ವರ್ಷದ ಮಗು ಇರೋದೇ ಕಾರಣ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಆಚೆ ರಾಯಚೂರು, ಕೊಪ್ಪಳ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಹೆಚ್ಚಿರೋದು ಹಳೇ ಸಮಸ್ಯೆ. ಗ್ರಾನೈಟ್ ಜಾತಿಯ ಬಂಡೆಯೊಳಗೆ ನೀರು ಬಹಳ ಕಾಲ ನಿಂತಷ್ಟೂ ಫ್ಲೋರೈಡ್ ಅದಕ್ಕೆ ಇಳಿಯುತ್ತೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1.0 ಮಿಲಿಗ್ರಾಂವರೆಗೆ ಒಪ್ಪಿತ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ಬಿಡಬಹುದು. ಬೀದಿಯ ಮಕ್ಕಳ ಹಲ್ಲಲ್ಲಿ ಕಂದು ಕಲೆ ಇದೆ ಅಂದ್ರೆ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬರೋ ತೊಂದರೆ) ಇರೋ ಸಂಶಯ ಬಲವಾಗಿದೆ. ಆ ಕಲೆ ಎನಾಮೆಲ್ ಒಳಗಿಂದಲೇ ಬಂದಿರೋದು, ಎಷ್ಟು ಉಜ್ಜಿದರೂ ಹೋಗಲ್ಲ.

ಹಲ್ಲು ವಸಡಿನೊಳಗೆ ತಯಾರಾಗುವ ವಯಸ್ಸಲ್ಲಿ ಹೊಟ್ಟೆಗೆ ಹೋದ ಫ್ಲೋರೈಡ್ ಮಾತ್ರ ಈ ಕಲೆ ಮಾಡುತ್ತೆ. ಸುಮಾರು 8 ವರ್ಷದವರೆಗೆ ಆ ಅಪಾಯ. ನಿಮ್ಮ ಮಗನ ಶಾಶ್ವತ ಹಲ್ಲುಗಳು ಈಗ ಒಳಗೆ ರೂಪುಗೊಳ್ತಾ ಇವೆ. ದೊಡ್ಡವರಿಗೆ ಹಲ್ಲಲ್ಲಿ ಹೊಸ ಕಲೆ ಬರಲ್ಲ, ಆದರೆ ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದರೆ ಮೂಳೆ-ಕೀಲುಗಳಿಗೆ ತೊಂದರೆ.

ಕುದಿಸೋದರಿಂದ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಸಾಂದ್ರತೆ ಏರುತ್ತೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಕೂಡ ಇದಕ್ಕೆ ಉಪಯೋಗವಿಲ್ಲ.

ಮೊದಲು ಪರೀಕ್ಷೆ. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಲ್ಯಾಬ್‌ಗೆ ಒಂದು ಲೀಟರ್ ಮಾದರಿ ಕೊಡಿ. ಪ್ಲಾಸ್ಟಿಕ್ ಬಾಟಲಿಯಲ್ಲೇ ತಗೊಳ್ಳಿ, ಗಾಜಿನದ್ದು ಬೇಡ. ಮೋಟರ್ ಹಾಕಿ ಐದು ನಿಮಿಷ ನೀರು ಬಿಟ್ಟು, ಬಾಟಲಿಯನ್ನ ಅದೇ ನೀರಲ್ಲಿ ಎರಡು-ಮೂರು ಸಲ ಗಲಬರಿಸಿ ತುಂಬಿಸಿ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗಳಿಗೆ ಬಣ್ಣ ನೋಡಿ ಹೇಳೋ ಕಿಟ್ ಕೊಟ್ಟಿದ್ದಾರೆ, ಪಂಚಾಯಿತಿಯಲ್ಲಿ ವಿಚಾರಿಸಿ. ಪಕ್ಕದ ಮನೆಯ ರಿಪೋರ್ಟ್ ನಂಬಿ ಕೂರಬೇಡಿ. ಒಂದು ಬೋರಲ್ಲಿ 0.8 ಇದ್ದು, ನೂರು ಮೀಟರ್ ಆಚೆಯದ್ದರಲ್ಲಿ 2.5 ಇರೋದುಂಟು.

ಹೆಚ್ಚಿದ್ದರೆ ಆರ್‌ಒ ನೀರು (ಮೆಂಬ್ರೇನ್ ಅನ್ನೋ ಸೂಕ್ಷ್ಮ ಪೊರೆಯಲ್ಲಿ ಲವಣ ಸೋಸೋ ಮಷಿನ್‌ದು), ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್. ಎಲ್ಲರೂ ಎಡವೋದು ಇಲ್ಲೇ: ಕುಡಿಯೋಕೆ ಕ್ಯಾನ್ ನೀರು, ಅಡುಗೆಗೆ ಬೋರ್ ನೀರು. ಮುದ್ದೆಗೆ ಇಟ್ಟ ಎಸರು ಪೂರ್ತಿ ಮುದ್ದೆಯಲ್ಲೇ ಉಳಿಯುತ್ತೆ. ಅನ್ನವೂ ಹಾಗೇ. ಬೇಳೆ ಬೇಯಿಸಿ ಸಾರು ಕುದಿಸುವಾಗ ನೀರು ಇಂಗುತ್ತೆ, ಫ್ಲೋರೈಡ್ ಅಲ್ಲೇ ಕೂರುತ್ತೆ. ಆದ್ದರಿಂದ ಅಡುಗೆಗೂ, ಕಾಫಿ-ಟೀಗೂ ಅದೇ ಶುದ್ಧ ನೀರು. ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತೆ ಅನ್ನೋದು ಗಮನದಲ್ಲಿರಲಿ. ಪಾತ್ರೆ, ಬಟ್ಟೆ, ಸ್ನಾನಕ್ಕೆ ಬೋರ್ ನೀರು ಸಾಕು. ಮಳೆನೀರಲ್ಲಿ ಫ್ಲೋರೈಡ್ ನಗಣ್ಯ. ಚಾವಣಿಯಿಂದ ಹಿಡಿಯೋರು ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಆಮೇಲಿನದನ್ನ ಸೋಸಿ ಕುದಿಸಿ ಬಳಸಬಹುದು.

ಮಕ್ಕಳ_ಹಲ್ಲು:

ಮಗನ ವಿಷಯಕ್ಕೆ ಉತ್ತರ. ಬೆಳಗ್ಗೆ ಬೆಳಕಿಗೆ ಕೂರಿಸಿ, ಅವನ ಮೇಲಿನ ತುಟಿ ಎತ್ತಿ ನೋಡಿ. ಮುಂದಿನ ನಾಲ್ಕು ಹಲ್ಲಿನಲ್ಲಿ, ವಸಡಿಗೆ ತಾಗಿದ ಅಂಚಿನಲ್ಲಿ ಸೀಮೆಸುಣ್ಣದಂಥ ಮಂಕು ಬಿಳಿ ಗೆರೆ ಇದೆಯಾ? ಹಲ್ಲನ್ನ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಚೆನ್ನಾಗಿ ಕಾಣುತ್ತೆ. ಬಾಟಲಿ ಹಾಲಿನ ಹುಳುಕು ಶುರುವಾಗೋದು ಅಲ್ಲಿಂದಲೇ. ಕೆಳಗಿನ ಮುಂದಿನ ಹಲ್ಲುಗಳು ಕೊನೆತನಕ ಚೆನ್ನಾಗಿರೋದರಿಂದ ತುಂಬ ಅಪ್ಪ-ಅಮ್ಮಂದಿರು ಮೋಸ ಹೋಗ್ತಾರೆ. ಅವನ್ನ ನಾಲಿಗೆಯೂ ಜೊಲ್ಲೂ ಕಾಯುತ್ತೆ. ಬಿಳಿ ಗೆರೆಯ ಹಂತದಲ್ಲಿದ್ದರೆ ಡಾಕ್ಟರು ಹಲ್ಲಿನ ಮೇಲೆ ಫ್ಲೋರೈಡ್ ವಾರ್ನಿಶ್ ಅನ್ನೋ ಲೇಪ ಹಚ್ಚಿ, ನೀವು ರಾತ್ರಿ ಬಾಟಲಿ ನಿಲ್ಲಿಸಿದರೆ ಅದು ಅಲ್ಲಿಗೇ ನಿಲ್ಲಬಹುದು. ಕಂದು ಬಣ್ಣಕ್ಕೆ ತಿರುಗಿ ಗುಂಡಿ ಬಿದ್ದಿದ್ದರೆ ತುಂಬಿಸಲೇಬೇಕು.

ರಾತ್ರಿ ಯಾಕೆ ಅಷ್ಟು ಅಪಾಯ ಅಂದ್ರೆ, ನಿದ್ದೆಯಲ್ಲಿ ಜೊಲ್ಲು ಊರೋದು ಬಹಳ ಕಡಿಮೆಯಾಗುತ್ತೆ, ನುಂಗೋದೂ ಅಪರೂಪ. ಬಾಯಲ್ಲಿ ಉಳಿದ ಸಕ್ಕರೆ ಹಾಲು ಗಂಟೆಗಟ್ಟಲೆ ಅಲ್ಲೇ. ನಿಲ್ಲಿಸೋ ಕ್ರಮ: ಮೊದಲ ಎರಡು-ಮೂರು ರಾತ್ರಿ ಸಕ್ಕರೆ ಅರ್ಧ, ಆಮೇಲೆ ಪೂರ್ತಿ ಇಲ್ಲ. ನಂತರ ಹಾಲಿಗೆ ಕಾಲು ಭಾಗ ನೀರು, ಅರ್ಧ ನೀರು, ಮುಕ್ಕಾಲು ನೀರು, ಕೊನೆಗೆ ಬರೀ ನೀರು. ಎರಡು ವಾರದೊಳಗೆ ಹೆಚ್ಚಿನ ಮಕ್ಕಳು ಬಾಟಲಿಯಲ್ಲೇ ಆಸಕ್ತಿ ಕಳ್ಕೊಳ್ತಾರೆ. ಮಗುವಿನ ಹಾಲು ತಪ್ಪಬಾರದು, ಅದಕ್ಕೇ ಊಟದ ಜೊತೆ ಅಥವಾ ಸಂಜೆ ಲೋಟದಲ್ಲಿ ಕೊಡಿ. 4 ವರ್ಷಕ್ಕೆ ಬಾಟಲಿಯ ಅಗತ್ಯವೇ ಇಲ್ಲ, ಒಂದರಿಂದ ಒಂದೂವರೆ ವರ್ಷದೊಳಗೇ ಬಿಡಿಸಬೇಕಿತ್ತು. ಹಲ್ಲುಜ್ಜಿದ ಮೇಲೆ ಬೆಳಗಿನ ತನಕ ನೀರು ಬಿಟ್ಟು ಬೇರೇನೂ ಬೇಡ.

ಕೆನ್ನೆಯಲ್ಲಿ ಅನ್ನ ಇಟ್ಕೊಳ್ಳೋದಕ್ಕೂ ಅಷ್ಟೇ ಗಮನ ಬೇಕು. ಬೆಂದ ಪಿಷ್ಟ ಜೊಲ್ಲಿನ ಜೊತೆ ಸೇರಿ ಬಾಯಲ್ಲೇ ಸಿಹಿಯಾಗುತ್ತೆ, ಮುಕ್ಕಾಲು ಗಂಟೆ ಕೆನ್ನೆಯಲ್ಲಿದ್ದರೆ ಹಿಂದಿನ ದವಡೆ ಹಲ್ಲಿನ ಹೊರಮೈ ಹಾಳು. ಮೊಬೈಲ್ ಮುಂದೆ ಕೂರಿಸಿ ತುತ್ತು ಇಡೋದು ನಿಂತರೆ ಅರ್ಧ ಸಮಸ್ಯೆ ಹೋಗುತ್ತೆ. ಮಗುವಿನ ಹೆಬ್ಬೆರಳಿನ ತುದಿಯಷ್ಟು ತುತ್ತು, ನುಂಗಿದ್ದು ನೋಡಿ ಮುಂದಿನದು. ಅರ್ಧ ಗಂಟೆಗೆ ತಟ್ಟೆ ತೆಗೆದುಬಿಡಿ, ಒಂದು ಗುಟುಕು ನೀರು ಕುಡಿಸಿ ಬಾಯಿ ಖಾಲಿಯಾಗಿದೆಯಾ ನೋಡಿ. ಊಟಕ್ಕೆ ಮುಂಚಿನ ಎರಡು ಗಂಟೆಯಲ್ಲಿ ಬಿಸ್ಕತ್ತು ಕೊಡದಿದ್ದರೆ ಹಸಿವಿರುತ್ತೆ, ತಾನೇ ನುಂಗ್ತಾನೆ. ಅಗಿಯೋಕೆ, ನುಂಗೋಕೆ ನಿಜಕ್ಕೂ ಕಷ್ಟಪಡ್ತಿದ್ದರೆ, ಪದೇ ಪದೇ ಕೆಮ್ಮು ಬರ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪೇಸ್ಟು: ಫ್ಲೋರೈಡ್ ಇರೋ ಪೇಸ್ಟೇ ಬೇಕು. ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ತೊಂದರೆ, ಹೊರಗಿಂದ ಹಲ್ಲಿಗೆ ತಾಗಿದರೆ ಖನಿಜ ವಾಪಸ್ ತುಂಬೋಕೆ ಸಹಾಯ. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ಕ್ಕೆ ಬಟಾಣಿ ಕಾಳಿನಷ್ಟು. ನಿಮ್ಮ ನೀರಲ್ಲಿ ಫ್ಲೋರೈಡ್ ಹೆಚ್ಚು ಬಂದರೆ, ಉಗುಳೋದು ಸರಿಯಾಗಿ ಬರೋ ತನಕ ಅಕ್ಕಿಕಾಳಿನಷ್ಟೇ ಸಾಕು. ಉಜ್ಜಬೇಕಾದವರು ನೀವು, ಏಳೆಂಟು ವರ್ಷದ ತನಕ.

ಇನ್ನೊಂದು. 6 ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಶಾಶ್ವತ ದವಡೆ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೆ ಹುಟ್ಟೋದರಿಂದ ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡ್ತಾರೆ. ಅದರ ತಲೆಯ ಮೇಲಿನ ಗೆರೆಗಳು ಆಳ, ಬ್ರಶ್ ಎಳೆ ಅದರ ತಳ ಮುಟ್ಟಲ್ಲ. ಬಂದ ಕೂಡಲೇ ಆ ಗೆರೆಗಳನ್ನ ಮುಚ್ಚೋ ಸೀಲಂಟ್ ಲೇಪ ಹಾಕಿಸಿ.

ಹುಬ್ಬಳ್ಳಿ_ಶೇಂಗಾ:

ನಿಮ್ಮ ತಾಯಿಯವರ ಲಿಂಬು ನೀರಿನ ಬಗ್ಗೆ ಯಾರೂ ಹೇಳಿಲ್ಲ, ನಾ ಹೇಳ್ತೀನ್ರಿ. ಲಿಂಬಿ ರಸದ ಪಿಎಚ್ 2ರಿಂದ 2.5 ಇರ್ತೈತಿ. ಇಲ್ಲಿ ಬ್ಯಾಕ್ಟೀರಿಯಾ ಬೇಕಾಗೇ ಇಲ್ಲ, ಆಮ್ಲ ನೇರ ಹಲ್ಲಿನ ಮ್ಯಾಲೇ ಕೆಲಸ ಮಾಡ್ತೈತಿ. ಎನಾಮೆಲ್ಲಿನ ಮೇಲ್ಮೈ ಸ್ವಲ್ಪ ಹೊತ್ತು ಮೆತ್ತಗಾಗಿರ್ತೈತಿ, ಅದೇ ಹೊತ್ತಿಗೆ ಬ್ರಶ್ ಹಚ್ಚಿ ತಿಕ್ಕಿದ್ರ ಆ ಪದರ ಸವೀತೈತಿ. ದಿನಾ ಹಿಂಗ ಮಾಡಿದವ್ರಿಗೆ ಮುಂದಿನ ಹಲ್ಲಿನ ತುದಿ ತೆಳ್ಳಗ, ಗಾಜಿನಂಗ ಕಾಣ್ತಾವ. ದವಡಿ ಹಲ್ಲಿನ ಮ್ಯಾಲೆ ಸಣ್ಣ ಸಣ್ಣ ಬಟ್ಟಲದಂಥ ತಗ್ಗು ಬೀಳ್ತಾವ, ತಣ್ಣೀರು ತಾಗಿದ್ರ ಜುಂ ಅಂತಾವ.

ಮಾಡೋದು ಇಷ್ಟ: ಎದ್ದ ತಕ್ಷಣ ಮೊದಲು ಹಲ್ಲು ತಿಕ್ಕಲಿ. ಲಿಂಬು ನೀರು ಬಿಡಲಿಕ್ಕೆ ಆಗಂಗಿಲ್ಲ ಅಂದ್ರ ಅರ್ಧ ಹೋಳಿನಕಿಂತ ಹೆಚ್ಚು ಬ್ಯಾಡ, ಜೇನಂತೂ ಬ್ಯಾಡವೇ ಬ್ಯಾಡ, ಶುಗರ್ ಇದ್ದವ್ರಿಗೆ ಅದು ಸಕ್ಕರಿನೇ. ಗುಟುಕು ಗುಟುಕು ಕುಡೀಬಾರದು, ಬಾಯಾಗ ಆಡಿಸಬಾರದು, ಒಂದೇ ಸಲ ಕುಡದು ಬರೇ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಹುಳಿ ಏನೇ ಕುಡದ್ರೂ ಅರ್ಧ ತಾಸು ಬ್ರಶ್ ಮುಟ್ಟಬ್ಯಾಡ್ರಿ. ಆ್ಯಪಲ್ ಸೈಡರ್ ವಿನೆಗರ್, ಪುನರ್ಪುಳಿ ಶರಬತ್ತು, ಕೋಲಾ ಎಲ್ಲದಕ್ಕೂ ಇದೇ ನಿಯಮ. ಚಿತ್ರಾನ್ನಕ್ಕ ಹಿಂಡಿದ ಲಿಂಬಿ, ಸಾರಿನ ಹುಣಸಿ ಹುಳಿಗೆ ಹೆದರಬ್ಯಾಡ್ರಿ. ಊಟದ ಜೊತಿ ಬರ್ತಾವ, ಅಗಿಯೋ ಮುಂದ ಜೊಲ್ಲೂ ಸಾಕಷ್ಟು ಬರ್ತೈತಿ.

ನಾಕರ ಹೊತ್ತಿಗೆ ರಸ್ಕು ಬ್ಯಾಡ. ರಸ್ಕು, ಬಿಸ್ಕೀಟು, ಚಿಪ್ಸ್ ಹಲ್ಲಿನ ಸಂದ್ಯಾಗ ಹಿಟ್ಟಾಗಿ ಮೆತ್ಕೋತಾವ, ಸಿಹಿ ಇಲ್ಲದಿದ್ರೂ. ಒಂದು ಹಿಡಿ ಹುರಿದ ಶೇಂಗಾ, ಪುಠಾಣಿ, ಸವತಿಕಾಯಿ, ಗಜ್ಜರಿ, ಪೇರಲಹಣ್ಣು ತಿನ್ರಿ. ಶೇಂಗಾದಾಗ ಸಕ್ಕರಿ ಕಡಿಮಿ, ಅಗಿಲಿಕ್ಕೆ ಹೊತ್ತು ಬೇಕು, ಅದಕ್ಕ ಜೊಲ್ಲು ಊರ್ತೈತಿ. ಅದೇ ಶೇಂಗಾಕ್ಕ ಬೆಲ್ಲದ ಪಾಕ ಹಾಕಿ ಚಿಕ್ಕಿ ಮಾಡಿದ್ರ ಕಥಿನೇ ಬ್ಯಾರೆ, ಅದರಷ್ಟು ಅಂಟೋದು ಕಡಿಮಿ ವಸ್ತು ಅದಾವ.

ರಾಗಿಹೊಲ_ಕೋಲಾರ:

ಎಲ್ಲರಿಗೂ ತುಂಬ ಧನ್ಯವಾದ. ನೀರಿನ ಮಾದರಿ ಈ ವಾರವೇ ಕೊಡ್ತೀವಿ. ಇನ್ನೂ ಕೆಲವು ಪ್ರಶ್ನೆ ಉಳಿದಿವೆ. ಅಪ್ಪನ ಎಲೆ-ಅಡಿಕೆ ಬಗ್ಗೆ ಏನು ಹೇಳೋದು? ಹೊಗೆಸೊಪ್ಪು ಇಲ್ಲ, ಜೀರ್ಣಕ್ಕೆ ಒಳ್ಳೇದು ಅಂತಾರೆ. ಅಮ್ಮನ ಕಲ್ಲುಸಕ್ಕರೆಗೆ ಬದಲಿ ಏನು? ಶುಗರ್ ಇಳಿದಾಗ ಗ್ಲೂಕೋಸ್ ತಗೋಬೇಕಲ್ಲ, ಆಗ? ಹಬ್ಬದಲ್ಲಿ ಹೇಗೆ? ಆರ್‌ಒ ಹಾಕಿಸಿದರೆ ಸರಿಯಾಗಿ ಕೆಲಸ ಮಾಡ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಮನೆಮದ್ದು_ಆಸಕ್ತ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ದಿನಾ ಎಳ್ಳೆಣ್ಣೆ ಮುಕ್ಕಳಿಸಿ, ಬೇವಿನ ಕಡ್ಡಿಯಲ್ಲಿ ಉಜ್ಜಿದರೆ ಇಷ್ಟೆಲ್ಲಾ ಲೆಕ್ಕ ಬೇಕಾ? ಎರಡು ಹೊತ್ತು ಚೆನ್ನಾಗಿ ಉಜ್ಜಿದರೆ ಏನು ತಿಂದರೂ ನಡೆಯಲ್ವಾ?

ದಂತಚಿಕಿತ್ಸೆ_ಮೈಸೂರು:

ಮೊದಲು ಇದಕ್ಕೆ. ಎಣ್ಣೆ ಮುಕ್ಕಳಿಸೋದರಿಂದ ಹಾನಿ ಇಲ್ಲ, ಆದರೆ ಎಣ್ಣೆಯಲ್ಲಿ ಫ್ಲೋರೈಡ್ ಇಲ್ಲ, ಅದು ಹಲ್ಲಿಗೆ ಖನಿಜ ವಾಪಸ್ ಕೊಡಲ್ಲ. ಬೇವಿನ ಕಡ್ಡಿ ಹಲ್ಲಿನ ಮುಂಭಾಗ ಚೊಕ್ಕ ಮಾಡುತ್ತೆ, ಒಳಮೈಗೂ ಕೊನೆಯ ದವಡೆಗೂ ತಲುಪೋದು ಕಷ್ಟ. ಬ್ರಶ್ ಕೂಡ ಎರಡು ಹಲ್ಲು ಒಂದಕ್ಕೊಂದು ತಾಗೋ ಜಾಗಕ್ಕೆ ಹೋಗಲ್ಲ. ದೊಡ್ಡವರಲ್ಲಿ ಹೊಸ ಹುಳುಕು ಹೆಚ್ಚಾಗಿ ಶುರುವಾಗೋದೇ ಆ ಸಂದಿಯಲ್ಲಿ. ಅಲ್ಲಿಗೆ ಫ್ಲಾಸ್ ದಾರ ಹೋಗುತ್ತೆ. ಪಿನ್ನು, ಬೆಂಕಿಕಡ್ಡಿ ಹಾಕಿದರೆ ವಸಡು ಹರಿಯುತ್ತೆ. ಹಾಗಾಗಿ ಉಜ್ಜೋದೂ ಬೇಕು, ತಿನ್ನೋದರ ಲೆಕ್ಕವೂ ಬೇಕು. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನ ಹರಳಿನಲ್ಲಿ ತಿಕ್ಕೋದು ಮಾತ್ರ ಬಿಡಿ, ಎನಾಮೆಲ್ ಸವೆದರೆ ಮತ್ತೆ ಬೆಳೆಯಲ್ಲ.

ಪೇಸ್ಟ್ ಡಬ್ಬಿ ಹಿಂದೆ ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮಾನೊಫ್ಲೋರೋಫಾಸ್ಫೇಟ್ ಅಂತ ಇದೆಯಾ, ಪಕ್ಕದಲ್ಲಿ 1000 ಪಿಪಿಎಂ ಹತ್ತಿರದ ಸಂಖ್ಯೆ ಇದೆಯಾ ನೋಡಿ. ಗಿಡಮೂಲಿಕೆಯ ಪೇಸ್ಟುಗಳಲ್ಲಿ ಎಷ್ಟೋ ಸಲ ಇರಲ್ಲ. ಉಜ್ಜಿದ ಮೇಲೆ ಉಗುಳಿ, ಲೋಟಗಟ್ಟಲೆ ನೀರಲ್ಲಿ ಮುಕ್ಕಳಿಸಬೇಡಿ, ಫ್ಲೋರೈಡ್ ತೊಳೆದುಹೋಗುತ್ತೆ. ಫ್ಲೋರೈಡ್ ನೀರಿನ ಊರಲ್ಲೂ ದೊಡ್ಡವರು ಇದನ್ನ ಬಳಸಬಹುದು, ಉಗುಳೋದರಿಂದ ಹೊಟ್ಟೆಗೆ ಹೋಗೋದು ಅತ್ಯಲ್ಪ.

ಅಡಿಕೆ ವಿಷಯದಲ್ಲಿ ನೇರವಾಗಿ ಹೇಳಬೇಕು, ಯಾಕಂದ್ರೆ ನಮ್ಮ ಕಡೆ ಇದನ್ನ ಮಂಗಳದ ವಸ್ತು ಅಂತ ನೋಡಿ ಅಪಾಯ ಮರೀತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನ, ಹೊಗೆಸೊಪ್ಪು ಇಲ್ಲದ ಎಲೆ-ಅಡಿಕೆಯನ್ನೂ ಸೇರಿಸಿ, ಮನುಷ್ಯರಲ್ಲಿ ಕ್ಯಾನ್ಸರ್ ತರೋ ಒಂದನೇ ಗುಂಪಿಗೆ ಸೇರಿಸಿದೆ. ಕ್ಯಾನ್ಸರ್‌ಗೂ ಮುಂಚೆ ಬರೋದು ಸಬ್‌ಮ್ಯೂಕಸ್ ಫೈಬ್ರೋಸಿಸ್: ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುತ್ತೆ, ಬಾಯಿ ತೆರೆಯೋದು ಕಡಿಮೆಯಾಗ್ತಾ ಹೋಗುತ್ತೆ. ಒಮ್ಮೆ ಗಟ್ಟಿಯಾದ ನಾರು ಮೊದಲಿನಂತಾಗಲ್ಲ. ತಂದೆಯವರಿಗೆ ಕನ್ನಡಿ ಮುಂದೆ ಅವರದೇ ಮೂರು ಬೆರಳು (ತೋರು, ನಡು, ಉಂಗುರ) ಒಂದರ ಮೇಲೊಂದು ಇಟ್ಟು, ಮೇಲಿನ-ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹೋಗುತ್ತಾ ನೋಡೋಕೆ ಹೇಳಿ. ಎರಡೇ ಬೆರಳು ಹೋದರೆ, ಖಾರ ತಾಗಿದರೆ ಉರಿ ಅಂದರೆ, ಕೆನ್ನೆ ಒಳಗೆ ಬಿಳಿಚಿದ ಪಟ್ಟೆ ಇದ್ದರೆ, ಎರಡು ವಾರದಲ್ಲಿ ವಾಸಿಯಾಗದ ಹುಣ್ಣು ಇದ್ದರೆ ತಡ ಮಾಡದೆ ತೋರಿಸಬೇಕು. ಬಿಡೋ ದಾರಿಗೆ, ಊಟದ ಮೇಲೆ ಏನಾದ್ರೂ ಬೇಕೇ ಬೇಕು ಅನ್ನೋ ಅಭ್ಯಾಸಕ್ಕೆ ಸೋಂಪು, ಏಲಕ್ಕಿ ಕೊಡಿ. ಸಕ್ಕರೆ ಲೇಪದ ಸೋಂಪು ಬೇಡ. ಸಿಹಿ ಸುಪಾರಿ ಪ್ಯಾಕೆಟ್ ಬದಲಿಯಲ್ಲ, ಅದೂ ಅಡಿಕೆಯೇ.

ತಾಯಿಯವರಿಗೆ: 60 ದಾಟಿದವರಲ್ಲಿ ವಸಡು ಕೆಳಗಿಳಿದು ಹಲ್ಲಿನ ಬೇರು ಹೊರಗೆ ಕಾಣುತ್ತೆ. ಬೇರಿಗೆ ಎನಾಮೆಲ್ ಇಲ್ಲ, ಪಿಎಚ್ 6ರ ಮೇಲಿದ್ದಾಗಲೇ ಅದು ಕರಗೋಕೆ ಶುರುವಾಗುತ್ತೆ. ಅಂಥ ಬಾಯಲ್ಲಿ ಅರ್ಧ ಗಂಟೆ ಕಲ್ಲುಸಕ್ಕರೆ ಇಡೋದು ತುಂಬ ಕೆಟ್ಟದ್ದು, ಶುಗರ್‌ಗೂ ಕೆಟ್ಟದ್ದು. ಬದಲಿಗೆ ಒಂದು ಲವಂಗ ಅಥವಾ ಏಲಕ್ಕಿ ಕಾಳು, ಇಲ್ಲಾ ಬೆಚ್ಚಗಿನ ನೀರು. ಕೆಮ್ಮು ಬಿಡದಿದ್ದರೆ ಮಾತ್ರೆಗಳ ಪಟ್ಟಿ ಡಾಕ್ಟರಿಗೆ ತೋರಿಸಿ, ಕೆಲವು ಬಿಪಿ ಮಾತ್ರೆಗಳಿಂದ ಒಣ ಕೆಮ್ಮು ಬರೋದುಂಟು. ಬಾಯಿ ಒಣಗೋದಕ್ಕೂ ಮಾತ್ರೆ ಕಾರಣ ಇರಬಹುದು. ಶುಗರ್ ಇಳಿದಾಗ ಗ್ಲೂಕೋಸ್ ತಗೊಳ್ಳಲೇಬೇಕು, ಹಲ್ಲಿನ ಯೋಚನೆ ಆಗ ಬೇಡವೇ ಬೇಡ. ಚೇತರಿಸಿಕೊಂಡ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು. ವಸಡಿನಲ್ಲಿ ರಕ್ತ ಬರ್ತಿದ್ದರೆ ಚಿಕಿತ್ಸೆ ಮಾಡಿಸಿ: ವಸಡಿನ ಸೋಂಕು ಶುಗರ್ ಏರಿಸುತ್ತೆ, ಏರಿದ ಶುಗರ್ ವಸಡನ್ನ ಮತ್ತೆ ಕೆಡಿಸುತ್ತೆ.

ಹಬ್ಬಕ್ಕೆ ಅಡ್ಡಿ ಇಲ್ಲ. ಊಟದ ಎಲೆಯಲ್ಲಿ ಹೋಳಿಗೆ, ಪಾಯಸ ತಿಂದು ಮುಗಿಸಿದರೆ ಅದೂ ಊಟದ ಲೆಕ್ಕಕ್ಕೇ ಸೇರುತ್ತೆ. ಸಂಕ್ರಾಂತಿ ಕಳೆದು ಹದಿನೈದು ದಿನ ಎಳ್ಳುಬೆಲ್ಲದ ಡಬ್ಬಿ ಟೇಬಲ್ ಮೇಲಿದ್ದು, ಹೋಗ್ತಾ ಬರ್ತಾ ಒಂದೊಂದು ಚಿಟಿಕೆ ಬಾಯಿಗೆ ಬೀಳುತ್ತಲ್ಲ, ಕೆಡಿಸೋದು ಅದು. ಸಕ್ಕರೆ ಅಚ್ಚನ್ನ ಮಕ್ಕಳು ಚೀಪೋಕೆ ಬಿಡಬೇಡಿ, ಮುರಿದು ಊಟದ ಜೊತೆ ಕೊಡಿ.

ಅಂತರ್ಜಲ_ಲ್ಯಾಬ್:

ಆರ್‌ಒ ಬಗ್ಗೆ ಕೇಳಿದ್ದಿರಿ. ಟಿಡಿಎಸ್ ಮೀಟರ್ ಫ್ಲೋರೈಡ್ ಅಳೆಯಲ್ಲ, ಒಟ್ಟು ಕರಗಿದ ಲವಣ ಅಳೆಯುತ್ತೆ. ಆದರೂ ಮೆಂಬ್ರೇನ್ ಸ್ಥಿತಿ ತಿಳಿಯೋಕೆ ಅದು ಸಾಕು. ಹೊಸದಾಗಿ ಹಾಕಿದ ದಿನವೇ ಒಳಬರುವ ನೀರು, ಹೊರಬರುವ ನೀರು ಎರಡನ್ನೂ ಅಳೆದು ಮಷಿನ್ ಮೇಲೆ ಬರೆದಿಡಿ. ಒಳಗೆ 900, ಹೊರಗೆ 60 ಇತ್ತು ಅಂದುಕೊಳ್ಳಿ. ಒಳಗಿನದು ಹಾಗೇ ಇದ್ದು ಹೊರಗಿನದು 200 ದಾಟಿದರೆ ಮೆಂಬ್ರೇನ್ ಸೋರ್ತಿದೆ, ಫ್ಲೋರೈಡೂ ಜೊತೆಗೆ ಬರ್ತಿದೆ ಅಂತ ಅರ್ಥ. ನೀರು ಸಪ್ಪೆ ಅಂತ ಟಿಡಿಎಸ್ ಕಂಟ್ರೋಲರ್ ಸ್ಕ್ರೂ ತಿರುಗಿಸಿ ಹೆಚ್ಚಿಸೋರಿದ್ದಾರೆ. ಅದು ಶುದ್ಧ ಮಾಡಿದ ನೀರಿಗೆ ಫ್ಲೋರೈಡ್ ಇರೋ ನೀರನ್ನೇ ಬೆರೆಸುತ್ತೆ. ನಿಮ್ಮ ಊರಲ್ಲಿ ಅದನ್ನ ಪೂರ್ತಿ ಮುಚ್ಚಿಸಿಡಿ, ಸರ್ವಿಸ್‌ನವರು ಬಂದು ಹೋದ ಮೇಲೂ ಇನ್ನೊಂದು ಸಲ ಅಳೆಯಿರಿ. ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಯಲ್ಲಿ ಅಂತರ್ಜಲ ಕೆಳಗಿಳಿದಿರುವಾಗ, ಬೋರ್ ನೀರು ಮತ್ತು ಆರ್‌ಒ ನೀರು ಎರಡನ್ನೂ ಲ್ಯಾಬಿಗೆ ಕೊಟ್ಟು ಫ್ಲೋರೈಡನ್ನೇ ಅಳೆಸಿ. ಕ್ಯಾನ್ ತರೋದಾದರೆ ಆ ಘಟಕದ ನೀರಿಗೂ ಇದೇ ಪರೀಕ್ಷೆ ಮಾಡಿಸಿ.